ಕಾನೂನು ಜಗಲಿ: ಸಂಕ ಅಂದರೆ ರಸ್ತೆಯಾ?

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ನನ್ನ ಹತ್ತಿರ ಓದುವ ಆರು ಜನ ಕಾನೂನು ವಿದ್ಯಾರ್ಥಿಗಳು ಮಲೆನಾಡಿನ ಒಬ್ಬ ಶಾಸಕರ ಜೊತೆ ಕೂತು ಕಾಲುಸಂಕಗಳ (ಹಳ್ಳ ದಾಟಲು ಹಾಕುವ ಕಾಲುಸೇತುವೆಗಳ) ಬಗ್ಗೆ ಒಂದು ಖಾಸಗಿ ಮಸೂದೆಯ, ಅಂದರೆ ಸರ್ಕಾರವಲ್ಲದೆ ಒಬ್ಬ ಸದಸ್ಯರೇ ಸದನಕ್ಕೆ ತರುವ ಮಸೂದೆಯ, ಕರಡು ಬರೆದರು ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. ಪಹಣಿ, ಪೋಡಿ, ಜೀವನಾಂಶದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಪೂರ್ತಿ ಇದನ್ನೇ ತೆಗೆದುಕೊಂಡಿದ್ದೇನೆ.

ಅಕ್ಕಾ, ನಾನು ಶಿವಮೊಗ್ಗದಲ್ಲಿ ಐದು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ, ಈಗ ಮೂರನೇ ವರ್ಷ. ದಾವೆ ಬರೆಯುವುದು, ಕ್ರಯಪತ್ರ ಬರೆಯುವುದು ಹೇಳಿಕೊಡುತ್ತಾರೆ. ಕಾನೂನನ್ನೇ ಬರೆಯುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ಶಾಸಕರ ಹತ್ತಿರ ಹೋಗಿ ಕಲಿತರೆ ಅದು ಇಂಟರ್ನ್‌ಶಿಪ್ ಅಂತ ಲೆಕ್ಕಕ್ಕೆ ಬರುತ್ತಾ? ಹೋಗಿ ಏನಂತ ಕೇಳಬೇಕು?
– ವಿದ್ಯಾರ್ಥಿನಿ, ಹೊಸನಗರ

ಲೆಕ್ಕಕ್ಕೆ ಬರುತ್ತದೆ ತಂಗಿ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳನ್ನು ಒಮ್ಮೆ ತೆಗೆದು ನೋಡು. ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮುಗಿಸಬೇಕು ಅಂತ ಅದರಲ್ಲಿದೆ. ಎಲ್ಲೆಲ್ಲಿ ಮಾಡಬಹುದು ಅನ್ನುವ ಪಟ್ಟಿಯೂ ಇದೆ. ವಕೀಲರು, ನ್ಯಾಯಾಲಯ, ಕಂಪನಿಗಳ ಜೊತೆಗೆ ಶಾಸನಸಭೆ, ಸಂಸತ್ತು, ಸ್ಥಳೀಯ ಸಂಸ್ಥೆ ಎಲ್ಲವೂ ಆ ಪಟ್ಟಿಯಲ್ಲಿವೆ. ಹೆಚ್ಚಿನ ಮಕ್ಕಳು ಅದನ್ನು ಓದಿರುವುದೇ ಇಲ್ಲ, ಯಾರಾದರೂ ಪರಿಚಯದ ವಕೀಲರ ಆಫೀಸಿನಲ್ಲಿ ಕೂತು ಮುಂದಿನ ತಾರೀಕುಗಳನ್ನು ಡೈರಿಯಲ್ಲಿ ಬರೆದುಕೊಟ್ಟು ಸರ್ಟಿಫಿಕೇಟ್ ತರುತ್ತಾರೆ. ಒಂದು ವಿಷಯ ನೆನಪಿಟ್ಟುಕೋ: ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವ ಹಾಗಿಲ್ಲ. ಹಾಗಾಗಿ ಮೊದಲೇ ಯೋಚಿಸಿ ಕಾಲ ಗೊತ್ತು ಮಾಡಿಕೋ, ಹೊರಡುವ ಮುಂಚೆಯೇ ಕಾಲೇಜಿನಿಂದ ಒಪ್ಪಿಗೆ ಪತ್ರ ತೆಗೆದುಕೋ. ಆಮೇಲೆ ತೆಗೆದುಕೊಳ್ಳೋಣ ಅಂದರೆ ಕಷ್ಟ.

ನೀನು ಹೇಳಿದ ಕೊರತೆ ನಿಜವೇ. ಕಡ್ಡಾಯ ಪ್ರಾಯೋಗಿಕ ವಿಷಯಗಳಲ್ಲಿ ದಾವೆ-ದಸ್ತಾವೇಜು ಬರೆಯುವುದಿದೆ, ವಕೀಲರ ವೃತ್ತಿ ನೀತಿ ಇದೆ, ಅಣಕು ನ್ಯಾಯಾಲಯ ಇದೆ. ಶಾಸನಗಳ ವ್ಯಾಖ್ಯಾನ ಅಂತ ಒಂದು ಪೇಪರ್ ಕೂಡ ಇದೆ, ಆದರೆ ಅದು ಬೇರೆಯವರು ಬರೆದಿಟ್ಟದ್ದನ್ನು ಓದಿ ಅರ್ಥ ಹಚ್ಚುವುದು. ಖಾಲಿ ಹಾಳೆ ಮುಂದಿಟ್ಟುಕೊಂಡು ಮೊದಲ ಪ್ರಕರಣ ಬರೆಯುವುದು ಬೇರೆಯೇ ಕೆಲಸ. ಅಮೆರಿಕದಲ್ಲಿ ಇದಕ್ಕೆ ಹಳೆಯ ರೂಢಿ ಇದೆ. ವಿಸ್ಕಾನ್ಸಿನ್ ರಾಜ್ಯದಲ್ಲಿ 1901ರಲ್ಲೇ ಶಾಸಕರಿಗೆ ಮಾಹಿತಿ ಹುಡುಕಿಕೊಡಲಿಕ್ಕೆ ಅಂತಲೇ ಒಂದು ಗ್ರಂಥಾಲಯ ಶುರುವಾಯಿತು. ಚಾರ್ಲ್ಸ್ ಮೆಕಾರ್ಥಿ ಅನ್ನುವವರು ಅದನ್ನು ಕಟ್ಟಿ ಬೆಳೆಸಿದರು, ಮಸೂದೆ ಬರೆದುಕೊಡುವ ಕೆಲಸವೂ ಅಲ್ಲೇ ಬೆಳೆಯಿತು. ಈಗ ಅಲ್ಲಿನ ಹಲವು ಕಾನೂನು ಕಾಲೇಜುಗಳಲ್ಲಿ, ಬೋಸ್ಟನ್ ವಿಶ್ವವಿದ್ಯಾಲಯದ್ದು ಅದರಲ್ಲೊಂದು, ವಿದ್ಯಾರ್ಥಿಗಳು ತಮ್ಮ ರಾಜ್ಯದ ಶಾಸಕರಿಗೆ ಕರಡು ಬರೆದುಕೊಡುವುದೇ ಒಂದು ಪಾಠ.

ಇನ್ನು ಏನಂತ ಕೇಳಬೇಕು ಅನ್ನುವುದು. "ಸರ್, ಇಂಟರ್ನ್‌ಶಿಪ್ ಕೊಡಿ" ಅಂತ ಹೋಗಬೇಡ. ಶಾಸಕರ ಮನೆ ಬಾಗಿಲಲ್ಲಿ ಬೆಳಿಗ್ಗೆ ಏಳು ಗಂಟೆಗೇ ವರ್ಗಾವಣೆ, ಆಶ್ರಯ ಮನೆ, ಆಸ್ಪತ್ರೆ ಬಿಲ್ಲು ಅಂತ ಜನ ನಿಂತಿರುತ್ತಾರೆ. ಆ ಸಾಲಿನಲ್ಲಿ ನೀನೂ ಒಬ್ಬಳು ಕೇಳುವವಳಾದರೆ ಆಪ್ತ ಸಹಾಯಕರು ಅರ್ಜಿ ಇಸಿದುಕೊಂಡು ಕಳಿಸಿಬಿಡುತ್ತಾರೆ. ಅದರ ಬದಲು ಅವರು ಸದನದಲ್ಲಿ ಕೇಳಿದ ಒಂದು ಪ್ರಶ್ನೆ, ಅದಕ್ಕೆ ಸರ್ಕಾರ ಕೊಟ್ಟ ಉತ್ತರ ಎರಡನ್ನೂ ಹುಡುಕಿ ಓದು. ಆ ಉತ್ತರದಲ್ಲಿ ಏನು ತಪ್ಪಿಸಿಕೊಂಡಿದ್ದಾರೆ ಅಂತ ಎರಡೇ ಪುಟ ಬರೆದುಕೊಂಡು ಹೋಗಿ ಕೈಯಲ್ಲಿ ಕೊಡು. ನಮ್ಮ ಮಕ್ಕಳು ಮಾಡಿದ್ದು ಅಷ್ಟೇ. ಶಾಸಕರು ಓದಿ, ಕನ್ನಡಕ ತೆಗೆದು, "ಇದನ್ನ ಬರೆದೋರು ಯಾರು?" ಅಂದರು. ಅಲ್ಲಿಂದ ಶುರು.

ನಮ್ಮ ಜಿಲ್ಲೆಯಲ್ಲಿ 7 ವಿಧಾನಸಭಾ ಕ್ಷೇತ್ರ ಇವೆ. ಅದು ಬಿಟ್ಟು ವಿಧಾನ ಪರಿಷತ್ತಿನ ಸದಸ್ಯರೂ ಇದ್ದಾರೆ ಅನ್ನುವುದು ಮರೆಯಬೇಡ. ನೈಋತ್ಯ ಪದವೀಧರರ ಕ್ಷೇತ್ರ, ಶಿಕ್ಷಕರ ಕ್ಷೇತ್ರ ಎರಡರಲ್ಲೂ ಶಿವಮೊಗ್ಗ ಸೇರಿದೆ. ಹಣದ ಮಸೂದೆ, ಹಣಕಾಸಿನ ಇನ್ನು ಕೆಲವು ಮಸೂದೆ ಬಿಟ್ಟು ಬೇರೆ ಮಸೂದೆಗಳನ್ನು ಪರಿಷತ್ತಿನಲ್ಲೂ ಮಂಡಿಸಬಹುದು. ಅವರಿಗೆ ರಸ್ತೆ, ಚರಂಡಿಯ ಒತ್ತಡ ಸ್ವಲ್ಪ ಕಡಿಮೆ, ಹಾಗಾಗಿ ನಿನ್ನಂಥವರ ಜೊತೆ ಕೂರಲಿಕ್ಕೆ ಪುರುಸೊತ್ತು ಸಿಗಬಹುದು.

ಮೇಡಂ, ನಮ್ಮದು ಎರಡು ಎಕರೆ ಅಡಿಕೆ ತೋಟ. ಕೊಳೆ ರೋಗ, ಎಲೆಚುಕ್ಕಿ ಎಲ್ಲದರ ನಡುವೆ ಮಗನನ್ನು ಎಲ್‌ಎಲ್‌ಬಿ ಓದಿಸಿದೆ. ಈಗ ಕೋರ್ಟಿಗೆ ಹೋಗುವುದು ಬಿಟ್ಟು ಕಾನೂನು ಬರೆಯುವುದು ಕಲಿಯುತ್ತೇನೆ ಅನ್ನುತ್ತಾನೆ. ರಾಜಕೀಯದವರ ಹಿಂದೆ ಅಲೆದು ಹಾಳಾಗುತ್ತಾನೋ ಅಂತ ಭಯ. ಇದರಲ್ಲಿ ಹೊಟ್ಟೆಪಾಡು ಇದೆಯಾ?
– ಒಬ್ಬ ತಂದೆ, ತೀರ್ಥಹಳ್ಳಿ ತಾಲ್ಲೂಕು

ಅಣ್ಣಾ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಶಾಸಕರ ಹಿಂದೆ ಅಲೆಯುವುದು ಬೇರೆ, ಶಾಸಕರ ಪಕ್ಕ ಕೂತು ಬರೆಯುವುದು ಬೇರೆ. ಬರೆಯುವವನಿಗೆ ಹಾರ ತುರಾಯಿ ಹಿಡಿಯುವ ಕೆಲಸ ಇಲ್ಲ.

ಸಂಬಳದ ವಿಷಯ ನೇರವಾಗಿ ಹೇಳುತ್ತೇನೆ. ಸರ್ಕಾರದಲ್ಲಿ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆ ಅಂತಲೇ ಒಂದಿದೆ, ಮಸೂದೆಗಳಿಗೆ ಕೊನೆಯ ರೂಪ ಸಿಗುವುದು ಅಲ್ಲಿ. ಬೆಂಗಳೂರಿನಲ್ಲಿ ಕರ್ನಾಟಕ ಕಾನೂನು ಮತ್ತು ಸಂಸದೀಯ ಸುಧಾರಣಾ ಸಂಸ್ಥೆ ಇದೆ. ದೆಹಲಿಯಲ್ಲಿ ಪಿಆರ್‌ಎಸ್ ಅನ್ನುವ ಸಂಸ್ಥೆ 2005ರಿಂದ ಮಸೂದೆಗಳ ಬಗ್ಗೆಯೇ ಅಧ್ಯಯನ ಮಾಡುತ್ತಿದೆ, ಸಂಸದರೊಬ್ಬರ ಜೊತೆ ಸುಮಾರು ಒಂದು ವರ್ಷ ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್ ಅವರದ್ದು. ಅದಕ್ಕೆ ತಿಂಗಳಿಗಿಷ್ಟು ಅಂತ ಹಣವನ್ನೂ ಕೊಡುತ್ತಾರೆ. ವಿಧಿ ಕಾನೂನು ನೀತಿ ಕೇಂದ್ರ ಅಂತ ಇನ್ನೊಂದಿದೆ, ಬೆಂಗಳೂರಿನಲ್ಲೂ ಅವರ ಕೆಲಸ ನಡೆಯುತ್ತದೆ. ಎಲ್ಲ ಸೇರಿಸಿದರೂ ಕೋರ್ಟಿನಷ್ಟು ದೊಡ್ಡ ಬಯಲಲ್ಲ ಇದು, ಅದನ್ನು ಮುಚ್ಚಿಟ್ಟು ಹೇಳುವುದಿಲ್ಲ. ಆದ್ದರಿಂದ ಮಗ ಸನ್ನದು ಮಾಡಿಸಿಕೊಳ್ಳಲಿ, ತೀರ್ಥಹಳ್ಳಿ ಕೋರ್ಟಿಗೆ ನಾಲ್ಕು ದಿನ ಹೋಗಲಿ, ಜೊತೆಗೇ ಇದನ್ನು ಕಲಿಯಲಿ. ಕೋರ್ಟಿನಲ್ಲಿ ಒಂದು ಕೆಟ್ಟ ವಾಕ್ಯದಿಂದ ಜನ ಎಷ್ಟು ವರ್ಷ ಅಲೆಯುತ್ತಾರೆ ಅಂತ ನೋಡಿದವನು ಕರಡು ಬರೆಯುವಾಗ ಹುಷಾರಾಗುತ್ತಾನೆ.

ನಿಮ್ಮ ಊರಿಗೆ ಇದೇನು ಹೊಸದಲ್ಲ ಅಣ್ಣಾ. ಕಡಿದಾಳ್ ಮಂಜಪ್ಪನವರು ವಕೀಲರಾಗಿದ್ದವರು, ಕಂದಾಯ ಮಂತ್ರಿಯಾದರು, 1956ರಲ್ಲಿ ಮುಖ್ಯಮಂತ್ರಿಯೂ ಆದರು. ಗೇಣಿದಾರರ ಕಾನೂನುಗಳಲ್ಲಿ ಅವರ ಕೈ ಇದೆ. ಪಕ್ಕದ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ಆಯಿತಲ್ಲ, ಅಲ್ಲಿನ ಒಂದು ದೊಡ್ಡ ಸಿಟ್ಟು ಕೊಳಗದ ಮೇಲಿತ್ತು. ಗೇಣಿ ಭತ್ತ ಅಳೆಯುವ ಕೊಳಗ. ಒಡೆಯನ ಕೊಳಗ ದೊಡ್ಡದು. ಕೊಳಗ ಅಂದರೆ ಎಷ್ಟು ಸೇರು ಅನ್ನುವುದು ಬಿಗಿಯಾಗಿ ಗೊತ್ತಾಗದಿದ್ದರೆ, ಅದರಂತೆ ಅಳೆಯದಿದ್ದರೆ ಯಾರು ಕಳೆದುಕೊಳ್ಳುತ್ತಾರೆ? ಅಳೆದು ಕೊಡುವವನು ತಾನೇ. ಕಾನೂನು ಬರೆಯುವುದರ ಮೊದಲ ಪಾಠ ಅದೇ, ಪರಿಭಾಷೆ. ಶಬ್ದಕ್ಕೆ ಅಳತೆ ಕಟ್ಟುವುದು.

1961ರ ಭೂ ಸುಧಾರಣೆ ಕಾಯ್ದೆಯಲ್ಲಿ "ಸ್ವಂತ ಸಾಗುವಳಿ" ಅನ್ನುವ ಮಾತಿನ ಅರ್ಥ ನೋಡಲು ಮಗನಿಗೆ ಹೇಳಿ. ತಾನೇ ಉಳುವುದು, ಮನೆಯವರು ಉಳುವುದು ಅಷ್ಟೇ ಅಲ್ಲ, ಸಂಬಳದ ಆಳು ಇಟ್ಟು ಮೇಲೆ ನಿಂತು ನೋಡಿಕೊಂಡರೂ ಅದು ಸ್ವಂತ ಸಾಗುವಳಿ. ಆಮೇಲೆ 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು ಅಂತ ಮಾಡಿ, ನ್ಯಾಯಮಂಡಳಿ ಇಟ್ಟು, ಗೇಣಿದಾರರು ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಏಳನೇ ನಂಬರ್ ಫಾರಂ ಹಾಕಿದರು. ನಿಮ್ಮ ತೋಟಕ್ಕೂ ಹಾಗೇ ಪಹಣಿ ಬಂದಿದ್ದರೆ ಆಶ್ಚರ್ಯವಿಲ್ಲ. ಹಾಗೆ ಬಂದಿದ್ದರೆ ಅದು ಯಾರೋ ಕೂತು ಬರೆದ ವಾಕ್ಯದಿಂದ ಬಂದದ್ದು.

ಮೇಡಂ, ನಾನು ಗ್ರಾಮ ಪಂಚಾಯಿತಿ ಸದಸ್ಯ. ಕಾಲುಸಂಕಕ್ಕೆ ಕಾನೂನು ಯಾಕೆ ಬೇಕು? ದುಡ್ಡು ಕೊಟ್ಟರೆ ಸಾಕಲ್ವಾ? ನಿಮ್ಮ ವಿದ್ಯಾರ್ಥಿಗಳು ಅದರಲ್ಲಿ ಏನು ಬರೆದರು, ಸ್ವಲ್ಪ ಬಿಡಿಸಿ ಹೇಳಿ.
– ಸಾಗರ ತಾಲ್ಲೂಕು

ಇದೇ ಪ್ರಶ್ನೆಯನ್ನು ಶಾಸಕರೂ ಮೊದಲ ದಿನ ಕೇಳಿದ್ದರು. ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಕ್ಕಳು ಮೊದಲು ತಂದ ಕರಡು 9 ಪುಟ ಇತ್ತು. ಭಾನುವಾರ ಬೆಳಿಗ್ಗೆ ಪ್ರವಾಸಿ ಮಂದಿರದಲ್ಲಿ ಕೂತಿದ್ದೆವು. ಶಾಸಕರು ಕೆಂಪು ಪೆನ್ನು ಹಿಡಿದು ಮೂರನೇ ಪ್ರಕರಣಕ್ಕೆ ಬಂದರು. "ರಾಜ್ಯ ಸರ್ಕಾರವು ಕಾಲುಸಂಕಗಳ ಸುರಕ್ಷತೆಗಾಗಿ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು" ಅಂತ ಇತ್ತು. "ರಾಜ್ಯ ಸರ್ಕಾರ ಅಂದ್ರೆ ಯಾರು? ನಾನು ಯಾರಿಗೆ ಫೋನ್ ಮಾಡ್ಲಿ?" ಅಂದರು. ಯಾರೂ ಮಾತಾಡಲಿಲ್ಲ. "ಸೂಕ್ತ ಅಂದ್ರೆ ಎಷ್ಟು? ಯಾವತ್ತೊಳಗೆ?" ಅದಕ್ಕೂ ಉತ್ತರ ಇಲ್ಲ. ಇಪ್ಪತ್ತು ವರ್ಷ ಅಧಿಕಾರಿಗಳ ಜೊತೆ ಗುದ್ದಾಡಿದ ಮನುಷ್ಯ ಅವರು, ವಾಕ್ಯ ಎಲ್ಲಿ ಸೋರುತ್ತದೆ ಅಂತ ಅವರಿಗೆ ಮೂಗಿಗೇ ಬಡಿಯುತ್ತದೆ. ತರಗತಿಯಲ್ಲಿ ನಾನು ಇದನ್ನು ಎಷ್ಟು ಸಲ ಹೇಳಿದ್ದೆನೋ, ಆ ಎರಡು ನಿಮಿಷದಲ್ಲಿ ಮಕ್ಕಳಿಗೆ ಹೊಕ್ಕಷ್ಟು ಯಾವತ್ತೂ ಹೊಕ್ಕಿರಲಿಲ್ಲ.

ಎರಡನೇ ಪಾಠ ದುಡ್ಡಿನದು. ನೀವು ಹೇಳಿದ ಹಾಗೆ "ಪ್ರತಿ ಹಳ್ಳಕ್ಕೂ ಸಂಕ ಕಟ್ಟಿಕೊಡಬೇಕು" ಅಂತಲೇ ಬರೆದಿದ್ದರು. ಆದರೆ ಸಂವಿಧಾನದ 207ನೇ ಅನುಚ್ಛೇದದ ಮೂರನೇ ಖಂಡ ಒಂದಿದೆ. ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಖಜಾನೆಯಿಂದ, ಖರ್ಚು ಬೀಳುವ ಮಸೂದೆಯನ್ನು ರಾಜ್ಯಪಾಲರ ಶಿಫಾರಸು ಇಲ್ಲದೆ ಸದನ ಅಂಗೀಕರಿಸುವ ಹಾಗಿಲ್ಲ. ಒಬ್ಬ ಸಾಮಾನ್ಯ ಶಾಸಕರ ಖಾಸಗಿ ಮಸೂದೆಗೆ ಆ ಬಾಗಿಲು ತೆರೆಯುವುದು ಸುಲಭವಲ್ಲ. ಹಾಗಾದರೆ ಕಟ್ಟುವ ಮಾತು ಬಿಟ್ಟು ಏನು ಬರೆಯಬಹುದು?

ಅದಕ್ಕೆ ಉತ್ತರ ಸಿಕ್ಕಿದ್ದು ಹಳ್ಳದ ದಂಡೆಯಲ್ಲಿ. ಪುನರ್ವಸು ಮಳೆ ಹೊಡೆಯುತ್ತಿದ್ದಾಗ ಶಾಸಕರೇ ಮಕ್ಕಳನ್ನು ಕರೆದುಕೊಂಡು ಹೋದರು, ನಾನೂ ಹೋಗಿದ್ದೆ. ಅಡಿಕೆ ಮರ ಸೀಳಿದ ನಾಲ್ಕು ದಬ್ಬೆ ಜೋಡಿಸಿ, ಕಾಡುಬಳ್ಳಿಯಲ್ಲಿ ಬಿಗಿದು, ಒಂದೇ ಪಕ್ಕಕ್ಕೆ ಬಿದಿರಿನ ಹಿಡಿಕೆ ಕಟ್ಟಿದ ಸಂಕ. ದಬ್ಬೆ ಮೇಲೆ ಪಾಚಿ ಬೆಳೆದು ಹಸಿರಾಗಿತ್ತು. ಕೆಳಗೆ ಕೆಂಪು ನೀರು. ಶಾಲೆ ಹುಡುಗನೊಬ್ಬ ಚಪ್ಪಲಿ ಕೈಯಲ್ಲಿ ಹಿಡಿದು, ಬ್ಯಾಗನ್ನು ಎದೆಗೆ ಹಾಕಿಕೊಂಡು, ಕಾಲು ಬೆರಳು ಊರಿ ಊರಿ ದಾಟಿದ. ನಮ್ಮ ಹುಡುಗಿಯೊಬ್ಬಳು ಅರ್ಧ ದೂರ ಹೋಗಿ ವಾಪಸು ಬಂದಳು. ಆಚೆ ಮನೆಯ ಅಜ್ಜಿ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿದ್ದರು. "ಸಂಕ ಹಾಕೂದು ದೊಡ್ಡದಲ್ಲ ಮಗಾ, ವರ್ಷ ವರ್ಷ ನಾವೇ ಹಾಕ್ತೀವಿ. ಅದು ಗಟ್ಟಿ ಐತಾ ಇಲ್ವಾ ಅಂತ ನೋಡೋರು ಯಾರು?" ಅಂದರು.

ಅಲ್ಲಿಂದ ಬಂದ ಮೇಲೆ ಕರಡಿನ ದಿಕ್ಕೇ ತಿರುಗಿತು. ಕಟ್ಟುವುದಲ್ಲ, ನೋಡುವುದು. ಮಳೆಗೆ ಮುಂಚೆ ನೋಡಿ, ಬರೆದಿಟ್ಟು, ಎಲ್ಲರಿಗೂ ಕಾಣುವ ಹಾಗೆ ಅಂಟಿಸುವುದು. ಇದಕ್ಕೆ ಹೊಸ ಖರ್ಚು ಇಲ್ಲದ ಹಾಗೆ ಬರೆಯಬಹುದು. ಆಮೇಲೆ ಪ್ರಕರಣ ಹೀಗಾಯಿತು:

"ಪ್ರತಿ ಗ್ರಾಮ ಪಂಚಾಯಿತಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಪ್ರತಿ ವರ್ಷ ಮೇ ತಿಂಗಳ 15ನೇ ತಾರೀಖಿನೊಳಗೆ ಆ ಪಂಚಾಯಿತಿಯ ವ್ಯಾಪ್ತಿಯಲ್ಲಿರುವ ಪ್ರತಿಯೊಂದು ಕಾಲುಸಂಕವನ್ನು ಖುದ್ದಾಗಿ ನೋಡಿ, ಅದರ ಸ್ಥಿತಿಯನ್ನು ವಹಿಯಲ್ಲಿ ದಾಖಲಿಸತಕ್ಕದ್ದು ಮತ್ತು ಆ ಪಟ್ಟಿಯನ್ನು ಪಂಚಾಯಿತಿ ಕಚೇರಿಯಲ್ಲಿಯೂ ಹತ್ತಿರದ ಶಾಲೆಯಲ್ಲಿಯೂ ಪ್ರಕಟಿಸತಕ್ಕದ್ದು."

ಮೇ 15 ಯಾಕೆ ಅಂದರೆ, ಮಕ್ಕಳು ಮೊದಲು ಜೂನ್ 30 ಅಂತ ಹಾಕಿದ್ದರು. ಅಜ್ಜಿಗೆ ಓದಿ ಹೇಳಿದಾಗ ಅವರು, "ಜೂನ್ ಅಂದ್ರೆ ಯಾವ ಮಳೆ?" ಅಂತ ಕೇಳಿದರು. ಮೃಗಶಿರ ಮುಗಿದು ಆರಿದ್ರಾ ಹಿಡಿದಿರುತ್ತದೆ ಅಂದೆವು. "ಅಷ್ಟೊತ್ತಿಗೆ ಹಳ್ಳ ತುಂಬಿರ್ತದೆ. ರೋಹಿಣಿಗೆ ಮುಂಚೆ ನೋಡ್ಬೇಕು" ಅಂದರು. ರೋಹಿಣಿ ಹುಟ್ಟುವುದು ಮೇ 25ರ ಹೊತ್ತಿಗೆ. ಹತ್ತು ದಿನ ರಿಪೇರಿಗೆ ಬಿಟ್ಟು 15 ಅಂತ ಇಟ್ಟರು.

ಪರಿಭಾಷೆಗೆ ಮೂರು ವಾರ ಹಿಡಿಯಿತು. ಕೊನೆಗೆ ಬರೆದದ್ದು: "ಕಾಲುಸಂಕ ಎಂದರೆ, ಹಳ್ಳ, ತೊರೆ, ಹೊಳೆ ಅಥವಾ ಕಾಲುವೆಯನ್ನು ಜನರು ನಡೆದು ದಾಟಲು ಮರ, ಬಿದಿರು, ಅಡಿಕೆ ದಬ್ಬೆ, ಕಬ್ಬಿಣ, ಕಾಂಕ್ರೀಟು ಅಥವಾ ಬೇರೆ ಯಾವುದೇ ವಸ್ತುವಿನಿಂದ, ಯಾರೇ ಕಟ್ಟಿರಲಿ, ಕಟ್ಟಿದ ದಾಟು, ಮತ್ತು ಅದು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಬಳಕೆಯಲ್ಲಿರುವ ದಾಟನ್ನೂ ಒಳಗೊಳ್ಳುತ್ತದೆ." ಇದರಲ್ಲಿ "ಯಾರೇ ಕಟ್ಟಿರಲಿ" ಅನ್ನುವ ಎರಡು ಶಬ್ದ ತೆಗೆದರೆ ಇಡೀ ಮಸೂದೆ ಬಿದ್ದುಹೋಗುತ್ತದೆ. ಯಾಕೆಂದರೆ ಊರವರು ಕಟ್ಟಿಕೊಂಡ ಸಂಕ ಯಾವ ದಾಖಲೆಯಲ್ಲೂ ಇಲ್ಲ, ದಾಖಲೆಯಲ್ಲಿ ಇಲ್ಲದ್ದು ನಮ್ಮದಲ್ಲ ಅಂತ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಅದು ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಮೂರನೇ ತೊಡಕು ಕಾಡಿನದು. ಸಂಕದ ಒಂದು ತುದಿ ಅರಣ್ಯದಲ್ಲಿದ್ದರೆ ಏನು? ಅರಣ್ಯ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಅದರ ಬಗ್ಗೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಆದರೆ ಕೇಂದ್ರದ ಕಾನೂನಿಗೆ ಅಡ್ಡ ಬರುವ ಹಾಗೆ ರಾಜ್ಯ ಬರೆದರೆ, ಸಾಮಾನ್ಯವಾಗಿ ಕೇಂದ್ರದ್ದೇ ನಿಲ್ಲುತ್ತದೆ ಅನ್ನುವ 254ನೇ ಅನುಚ್ಛೇದ ಎದುರಾಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ರಲ್ಲಿ 13 ಸೌಲಭ್ಯಗಳ ಪಟ್ಟಿ ಇದೆ. ಗ್ರಾಮಸಭೆ ಶಿಫಾರಸು ಮಾಡಿದರೆ, ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇದ್ದರೆ, ಕಡಿಯುವ ಮರ ಹೆಕ್ಟೇರಿಗೆ 75 ಮೀರದಿದ್ದರೆ, ಅವಕ್ಕೆ ಅರಣ್ಯ ಜಾಗ ಕೊಡಬಹುದು. ಪಟ್ಟಿಯಲ್ಲಿ ಶಾಲೆ ಇದೆ, ಅಂಗನವಾಡಿ ಇದೆ, ನ್ಯಾಯಬೆಲೆ ಅಂಗಡಿ ಇದೆ, ರಸ್ತೆ ಇದೆ. ಸಂಕ ಅನ್ನುವ ಶಬ್ದ ಇಲ್ಲ. ಸಂಕ ಅಂದರೆ ರಸ್ತೆಯಾ? ಈ ಒಂದು ಪ್ರಶ್ನೆ ಮೇಲೆ ಮಕ್ಕಳು ರಾತ್ರಿ ಹನ್ನೊಂದರ ತನಕ ಜಗಳವಾಡಿದ್ದಾರೆ. ನಡೆದು ಹೋಗುವ ದಾರಿಯೇ ರಸ್ತೆ, ದಾರಿ ಹಳ್ಳದ ಮೇಲೆ ಹೋದಾಗ ಸಂಕ, ಆದ್ದರಿಂದ ಸಂಕವೂ ರಸ್ತೆಯ ತುಂಡು ಅಂತ ಒಬ್ಬ. ಸಂವಿಧಾನದಲ್ಲಿ ಪಂಚಾಯಿತಿಗಳ ಕೆಲಸ ಹೇಳುವ ಹನ್ನೊಂದನೇ ಅನುಸೂಚಿಯ 13ನೇ ಬಾಬಿನಲ್ಲಿ ರಸ್ತೆ, ಮೋರಿ, ಸೇತುವೆ, ದೋಣಿಕಡವು ಅಂತ ಬೇರೆ ಬೇರೆ ಹೇಳಿದ್ದಾರೆ, ಹಾಗಾದರೆ ಸೇತುವೆ ರಸ್ತೆಯಲ್ಲ ಅಂತ ಇನ್ನೊಬ್ಬಳು. ಇಬ್ಬರದ್ದೂ ಗಟ್ಟಿ ವಾದವೇ. ನನ್ನ ಒಲವು ಮೊದಲನೆಯವನ ಕಡೆ. ಆದರೆ ನಮ್ಮ ಮಸೂದೆಯಲ್ಲಿ "ಸಂಕವೂ ರಸ್ತೆಯೇ" ಅಂತ ಬರೆದರೆ ಅದು ನಮ್ಮ ಮಸೂದೆಯ ಮಟ್ಟಿಗೆ ಮಾತ್ರ ನಡೆಯುತ್ತದೆ, ಕೇಂದ್ರದ ಕಾಯ್ದೆಯ ಶಬ್ದವನ್ನು ನಾವು ಹಿಗ್ಗಿಸಲಿಕ್ಕೆ ಬರುವುದಿಲ್ಲ. ಹಾಗಾಗಿ ಅರಣ್ಯದ ಅಂಚಿನ ಸಂಕಗಳನ್ನು ರಸ್ತೆಯ ಭಾಗ ಅಂತ ಹೇಳಿ ಗ್ರಾಮಸಭೆಯ ಮುಂದೆ ಇಡುವ ಕೆಲಸವನ್ನಷ್ಟೇ ಪಂಚಾಯಿತಿಗೆ ಹಚ್ಚಿದರು.

ಪಟ್ಟಿ ಹಾಕದಿದ್ದರೆ ಏನು ಅನ್ನುವುದಕ್ಕೆ, ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಸಿಗಬೇಕು ಅನ್ನುವ ಸಕಾಲ ಕಾಯ್ದೆ ನೋಡಿಕೊಂಡರು. 2011ರದ್ದು. ಅದರಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಮೊತ್ತ ಸಣ್ಣದೇ, ಆದರೆ ಅದು ಒಬ್ಬ ಗೊತ್ತಾದ ಅಧಿಕಾರಿಯ ತಲೆ ಮೇಲೆ ಬೀಳುತ್ತದೆ. ನಮ್ಮ ಮಕ್ಕಳು ಅದನ್ನೇ ಅಳವಡಿಸಿದ್ದಾರೆ.

ಹಾಗಾಗಿ ಸದಸ್ಯರೇ, ದುಡ್ಡು ಬೇಕು, ಅದು ಬೇಡ ಅನ್ನುತ್ತಿಲ್ಲ. ಆದರೆ ಎಷ್ಟು ಸಂಕ ಇವೆ, ಯಾವುದು ಕೊಳೆತಿದೆ ಅಂತ ಪಟ್ಟಿಯೇ ಇಲ್ಲದಿದ್ದರೆ ಯಾವುದಕ್ಕೆ ದುಡ್ಡು ಕೇಳುತ್ತೀರಿ? ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಈ ಸಲದ ಗ್ರಾಮಸಭೆಯಲ್ಲೇ ಪಟ್ಟಿ ಮಾಡಿಸಿ.

ಕಾನೂನನ್ನು ಕನ್ನಡದಲ್ಲೇ ಬರೆಯಲು ಬರುತ್ತದೆಯೇ? ಇಂಗ್ಲಿಷಿನಲ್ಲಿ ಬರೆದು ಆಮೇಲೆ ಅನುವಾದ ಮಾಡುತ್ತಾರಂತೆ, ಹೌದಾ?
– ಶಿಕ್ಷಕ, ಸೊರಬ

ಮೇಷ್ಟ್ರೇ, ಸಾಮಾನ್ಯವಾಗಿ ಆಗುವುದು ನೀವು ಕೇಳಿದ ಹಾಗೆಯೇ. ಆದರೆ ಕನ್ನಡದಲ್ಲಿ ಬರೆಯಬಾರದು ಅಂತ ಎಲ್ಲೂ ಇಲ್ಲ. 1963ರಿಂದ ಕನ್ನಡ ನಮ್ಮ ರಾಜ್ಯದ ಆಡಳಿತ ಭಾಷೆ. ಸಂವಿಧಾನದ 348(3) ಹೇಳುವುದು ಇಷ್ಟು: ರಾಜ್ಯದ ಭಾಷೆಯಲ್ಲಿ ಮಸೂದೆ ಮಾಡಿದರೆ, ರಾಜ್ಯಪಾಲರ ಹೆಸರಿನಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನು ಅಧಿಕೃತ ಇಂಗ್ಲಿಷ್ ಪಾಠ ಅಂತ ತಿಳಿಯಬೇಕು.

ನಮ್ಮ ಮಕ್ಕಳಿಗೆ ಮೊದಲು ಕನ್ನಡದಲ್ಲೇ ಬರೆಯಿರಿ ಅಂತ ನಾನು ಹಟ ಹಿಡಿದೆ. ಇಂಗ್ಲಿಷಿನಲ್ಲಿ ಬರೆದ ಕರಡನ್ನು ಆ ಅಜ್ಜಿಗೆ ಓದಿ ಹೇಳಲಿಕ್ಕೆ ಆಗುತ್ತಿತ್ತಾ? ಆ ಮೇ 15 ಬರುತ್ತಿತ್ತಾ? "ತಕ್ಕದ್ದು" ಅಂದರೆ ಮಾಡಲೇಬೇಕು, "ಬಹುದು" ಅಂದರೆ ಮಾಡಿದರೂ ಆಯಿತು ಬಿಟ್ಟರೂ ಆಯಿತು. ಇಷ್ಟು ಚೊಕ್ಕವಾಗಿ ನಮ್ಮ ಭಾಷೆಯಲ್ಲೇ ಇದೆ. "ಪರಂತು" ಅಂತ ಶುರುವಾದರೆ ಮೇಲೆ ಕೊಟ್ಟದ್ದರಲ್ಲಿ ಏನೋ ಕಡಿತ ಬರುತ್ತಿದೆ ಅಂತ ಹಳ್ಳಿಯ ಮುನ್ಷಿಗೂ ಗೊತ್ತು.

ನಿಮ್ಮ ಸೊರಬದ ಶಬ್ದವೇ ಕಾನೂನಿನಲ್ಲಿದೆ ನೋಡಿ. 1964ರ ಭೂ ಕಂದಾಯ ಕಾಯ್ದೆಯ 79ನೇ ಪ್ರಕರಣದಲ್ಲಿ ರೂಢಿಯಿಂದ ಬಂದ ಸವಲತ್ತುಗಳನ್ನು ಹೇಳುವಾಗ ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಕೊಡಗಿನ ಜಮ್ಮ, ಬಾಣೆ, ಮೈಸೂರು ಸೀಮೆಯ ಕಾನು ಮತ್ತು ಸೊಪ್ಪಿನ ಬೆಟ್ಟ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಇಂಗ್ಲಿಷ್ ಪಾಠದಲ್ಲೂ ಕಾನು ಕಾನೇ, ಸೊಪ್ಪಿನ ಬೆಟ್ಟ ಸೊಪ್ಪಿನ ಬೆಟ್ಟವೇ. ಅದನ್ನು ಬರೀ ಕಾಡು ಅಂತ ಬರೆದಿದ್ದರೆ ತೋಟಕ್ಕೆ ಸೊಪ್ಪು ತರುವ ಹಕ್ಕು ಅಲ್ಲೇ ಕರಗಿಹೋಗುತ್ತಿತ್ತು. ಇದನ್ನು ಬರೆದವರು ಊರಿನ ಶಬ್ದ ಕೇಳಿಸಿಕೊಂಡವರು. ಆ ಸಾಲು ಓದಿದಾಗೆಲ್ಲ ನನಗೆ ಅವರ ಮೇಲೆ ಗೌರವ ಬರುತ್ತದೆ. ನಿಮ್ಮ ಹತ್ತನೇ ತರಗತಿ ಮಕ್ಕಳಿಗೆ ಆ ಒಂದು ಪ್ರಕರಣ ಓದಿ ತೋರಿಸಿ.

ಖಾಸಗಿ ಮಸೂದೆ ಪಾಸಾಗುವುದೇ ಇಲ್ಲವಂತೆ. ಹಾಗಾದರೆ ಸುಮ್ನೆ ಯಾಕೆ ಬರೆಯಬೇಕು?
– ಓದುಗ, ಶಿಕಾರಿಪುರ

ಪಾಸಾಗುವುದು ತೀರಾ ಕಡಿಮೆ, ನಿಜ. ಸಂಸತ್ತಿನಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಇಂಥ 14 ಮಸೂದೆ ಮಾತ್ರ ಕಾನೂನಾಗಿವೆ, ಕೊನೆಯದು 1970ರಲ್ಲಿ. ಆದರೆ 2015ರಲ್ಲಿ ತಮಿಳುನಾಡಿನ ತಿರುಚ್ಚಿ ಶಿವ ಅವರು ತಂದ ಲಿಂಗತ್ವ ಅಲ್ಪಸಂಖ್ಯಾತರ ಮಸೂದೆ ರಾಜ್ಯಸಭೆಯಲ್ಲಿ ಪಾಸಾಯಿತು. ಲೋಕಸಭೆಯಲ್ಲಿ ಆಗಲಿಲ್ಲ. ಅದಾದ ಮೇಲೆ ಸರ್ಕಾರ ತನ್ನದೇ ಮಸೂದೆ ತಂದು, 2019ರಲ್ಲಿ ಕಾನೂನು ಬಂತು. ಆ ಕಾನೂನಿನ ಬಗ್ಗೆ ಸಮುದಾಯದವರಿಗೆ ತಕರಾರುಗಳಿವೆ, ಆದರೆ ವಿಷಯ ಸದನದ ಮೇಜಿಗೆ ಬಂದದ್ದು ಒಂದು ಖಾಸಗಿ ಮಸೂದೆಯಿಂದ.

ನಮ್ಮ ಸಂಕದ ಕರಡು ಇನ್ನೂ ಮಂಡನೆ ಆಗಿಲ್ಲ. ಆದರೆ ಅದನ್ನು ಬರೆಯುವಾಗ ಎದ್ದ ಪ್ರಶ್ನೆಗಳಿಂದಲೇ ಶಾಸಕರು ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು, ಅಂದರೆ ಮಂತ್ರಿಗಳು ಸದನದಲ್ಲಿ ಬಾಯಲ್ಲೇ ಉತ್ತರ ಹೇಳಬೇಕಾದ ಪ್ರಶ್ನೆಯನ್ನು, ತಯಾರು ಮಾಡಿಕೊಂಡಿದ್ದಾರೆ. ಉತ್ತರ ಬಂದರೆ ಇದೇ ಅಂಕಣದಲ್ಲಿ ಹಾಕುತ್ತೇನೆ.

ಅಕ್ಕಾ, ಎರಡು ತಿಂಗಳು ಕೂತು 11 ಪುಟದ ಕರಡು ಬರೆದುಕೊಂಡು ಹೋದೆ. ಶಾಸಕರು ಎಲ್ಲ ಹೊಡೆದುಹಾಕಿ ಒಂದೇ ಒಂದು ವಾಕ್ಯ ಉಳಿಸಿದರು. ತುಂಬಾ ಬೇಸರವಾಗಿದೆ. ಮತ್ತೆ ಹೋಗಬೇಕಾ?
– ವಿದ್ಯಾರ್ಥಿ, ಭದ್ರಾವತಿ

ಹೋಗಬೇಕು ತಮ್ಮಾ. ಬೇಸರ ಆಗುವುದು ಸಹಜ, ಎರಡು ತಿಂಗಳ ಕೆಲಸ ಅದು. ಆದರೆ ಒಂದು ವಾಕ್ಯ ಅಂದರೆ ಸಣ್ಣದು ಅಂದುಕೊಳ್ಳಬೇಡ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಮರ ಅನ್ನುವುದರ ಪರಿಭಾಷೆಯೊಳಗೆ ಬಿದಿರನ್ನೂ ಸೇರಿಸಿದ್ದರು. ಬಿದಿರು ಹುಲ್ಲಿನ ಜಾತಿ ಅಂತ ನಮ್ಮ ಮೇದಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ 90 ವರ್ಷ ಆ ಕಾಯ್ದೆಯಲ್ಲಿ ಅದು ಮರವಾಗಿಯೇ ಇತ್ತು. 2017ರ ತಿದ್ದುಪಡಿಯಲ್ಲಿ ತೆಗೆದದ್ದು ಆ ಒಂದೇ ಶಬ್ದ. ಅದರಿಂದ ಕಾಡಿನ ಹೊರಗೆ ಬಿದಿರು ಬೆಳೆದವರಿಗೆ ಕಡಿಯಲು, ಸಾಗಿಸಲು ಆ ಕಾಯ್ದೆಯ ತೊಡಕು ತಪ್ಪಿತು.

ಹೊಡೆದುಹಾಕಿದ ಸಾಲುಗಳ ಪಕ್ಕ ಅವರು ಏನಾದರೂ ಬರೆದಿದ್ದಾರಾ, ಬಾಯಲ್ಲಿ ಏನಾದರೂ ಅಂದರಾ, ನೆನಪಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡು. ಯಾವ ವಾಕ್ಯ ಉಳಿಯಿತು ಅಂತ ನೀನು ಪತ್ರದಲ್ಲಿ ಹೇಳಲೇ ಇಲ್ಲ. ಆ ವಾಕ್ಯ, ಹಳೆಯ 11 ಪುಟ ಎರಡನ್ನೂ ಪತ್ರಿಕೆಯ ವಿಳಾಸಕ್ಕೆ ಕಳಿಸು. ಬೆಳಗಾವಿ ಅಧಿವೇಶನಕ್ಕೆ ಮುಂಚೆ ಓದಿ, ಗುರುತು ಹಾಕಿ ವಾಪಸು ಕಳಿಸುತ್ತೇನೆ.